ಮೂರನೇ ಮುಚ್ಚಳದ ಹಸಿರು

ಆಡಮ್ಸ್‌ಟೌನ್, ಡಬ್ಲಿನ್
17 ಸೆಪ್ಟೆಂಬರ್ 2023

ಪ್ರೀತಿಯ ಭಾಸ್ಕರಣ್ಣನಿಗೆ,

ಅರ್ಪಿತಾ ಅತ್ತಿಗೆ ನಿನ್ನ ಹೊಸ ಹಡಗಿನ ಮೇಲ್ ಐಡಿ ಕೊಟ್ಟರು. ಫೋಟೋ ಹೋಗಲ್ಲ, ವಾಟ್ಸಾಪ್ ಸಿಗಲ್ಲ, ಬರೀ ಅಕ್ಷರ ಮಾತ್ರ ಅಂದ್ರು. ಒಳ್ಳೇದೇ ಆಯ್ತು. ಫೋನಲ್ಲಿ ನೀನು "ಹೂಂ, ಸರಿ, ಇಡ್ಲಾ" ಅಂತ ಮೂರೇ ಮಾತಲ್ಲಿ ಮುಗಿಸ್ತೀಯ. ಬರೆಯೋಕೆ ಕೂತ್ರೆ ನಾಲ್ಕು ಸಾಲಾದ್ರೂ ಬರುತ್ತೆ.

ನಾನು ಕೆಲಸ ಬದಲಾಯಿಸಿದೆ. ಬ್ಯಾಂಕ್ ಸಾಫ್ಟ್‌ವೇರ್ ಪರೀಕ್ಷೆ ಮಾಡಿ ಮಾಡಿ ಸಾಕಾಗಿತ್ತು. ಈಗ ಗ್ರ್ಯಾಂಡ್ ಕೆನಾಲ್ ಡಾಕ್ ಹತ್ತಿರ ಆಫೀಸು, ಆಡಮ್ಸ್‌ಟೌನಿಂದ ನೇರ ಟ್ರೇನ್. ಕೆಲಸ ಏನು ಗೊತ್ತಾ? ಹಡಗು ನೋಡೋದು! ಯಾವ ಹಡಗು ಎಲ್ಲಿ ತುಂಬಿಸ್ಕೊಂಡು ಎಲ್ಲಿ ಇಳಿಸ್ತು ಅಂತ ಸ್ಕ್ರೀನ್ ಮೇಲೆ ನೋಡಿ ಇನ್ಶೂರೆನ್ಸ್ ಕಂಪನಿಗಳಿಗೆ ವರದಿ ಬರೆಯೋದು. ನಮ್ಮ ಮನೇಲಿ ಸಮುದ್ರಕ್ಕೆ ಹೋದೋನು ನೀನೊಬ್ಬನೇ. ಈಗ ನಿನಗಿಂತ ಜಾಸ್ತಿ ಹಡಗು ನಾನು ನೋಡ್ತೀನಿ.

ನಮ್ಮ ಡಾಕ್ಟರ್ ಯಜಮಾನ್ರು ಹೃಷಿಕೇಶ್ ಸೋಮವಾರದಿಂದ ಶುಕ್ರವಾರ ಕಿಲ್ಕೆನ್ನಿ ಆಸ್ಪತ್ರೆ ಡ್ಯೂಟಿಯಲ್ಲೇ. ಶುಕ್ರವಾರ ಸಂಜೆ ಬಂದು ಸೋಫಾದಲ್ಲಿ ಕೂತಲ್ಲೇ ನಿದ್ದೆ. ತೇಜುಗೆ ಒಂಬತ್ತಾಯ್ತು. ನಾನು ಕನ್ನಡದಲ್ಲಿ ಬೈದ್ರೆ ಅವಳು ಇಂಗ್ಲಿಷಲ್ಲಿ "ಐಯಾಮ್ ಗ್ರ್ಯಾಂಡ್, ಅಮ್ಮಾ", ಅಂದ್ರೆ ಚೆನ್ನಾಗೇ ಇದ್ದೀನಿ ಅಂತ, ಅಪ್ಪಟ ಐರಿಷ್ ರಾಗದಲ್ಲಿ ಉತ್ತರ ಕೊಡ್ತಾಳೆ.

ನಿನ್ನ ಹಡಗಿನ ಹೆಸರು ಬರಿ. ತೇಜುಗೆ ಮಾಮ ಎಲ್ಲಿದ್ದಾನೆ ಅಂತ ಮ್ಯಾಪಲ್ಲಿ ತೋರಿಸ್ತೀನಿ.

ನಿನ್ನ
ವನಜಾ

*

ಸಮುದ್ರದಿಂದ
9 ಅಕ್ಟೋಬರ್ 2023

ವನಜಾ,

ನಿನ್ನ ಪತ್ರ ಮೂರು ಸಲ ಓದಿದೆ. ಹೊಸ ಕೆಲಸ ಸಿಕ್ಕಿದ್ದು ಸಂತೋಷ. ಹಡಗನ್ನ ನೋಡೋಕೆ ಡಬ್ಲಿನ್ನೇ ಒಳ್ಳೇ ಜಾಗ, ಅಲ್ಲಿ ತುಕ್ಕಿನ ವಾಸನೆ ಬರಲ್ಲ.

ಹಡಗಿನ ಹೆಸರು 'ಓರಿಯೆಂಟ್ ಹೆರಾನ್'. ಆಸ್ಟ್ರೇಲಿಯಾದಿಂದ ಚೀನಾಕ್ಕೆ ಕಬ್ಬಿಣದ ಅದಿರು. ನಾನು ಚೀಫ್ ಆಫೀಸರ್, ಕ್ಯಾಪ್ಟನ್ ಬಿಟ್ರೆ ನಾನೇ. ಹದಿನೇಳು ಜನ. ಕನ್ನಡದವನು ಇನ್ನೊಬ್ಬ ಇದ್ದಾನೆ, ಅಡುಗೆಯ ಪುಟ್ಟಣ್ಣ. ಪಾಂಡವಪುರದ ಕಡೆಯವನು, ಐವತ್ತೆರಡು ವರ್ಷ. ಮೊದಲ ದಿನವೇ, "ಸಾರ್, ನೀವು ಮೈಸೂರೋರು ಅಂತ ಗೊತ್ತಾಯ್ತು, ರಾಗಿ ಹಿಟ್ಟು ಐದು ಕೆಜಿ ಬಚ್ಚಿಟ್ಟಿವ್ನಿ, ಕ್ಯಾಪ್ಟನ್‌ಗೆ ಹೇಳ್ಬ್ಯಾಡಿ" ಅಂದ. ಭಾನುವಾರ ನಾವಿಬ್ಬರೇ ಮುದ್ದೆ ತಿಂತೀವಿ. ಉಳಿದವರು ಮಣ್ಣು ತಿನ್ನೋರನ್ನ ನೋಡೋ ಹಾಗೆ ನೋಡ್ತಾರೆ.

ತೇಜುಗೆ ಮಾಮ ಕೇಳಿದ ಅಂತ ಹೇಳು. ಅರ್ಪಿತಾಗೆ ಬೇರೆ ಬರೀತೀನಿ.

ಭಾಸ್ಕರ

*

ಆಡಮ್ಸ್‌ಟೌನ್
5 ನವೆಂಬರ್ 2023

ಅಣ್ಣಾ,

ನಿನ್ನ ಹಡಗು ಸಿಕ್ತು! ಈಗ ಆಸ್ಟ್ರೇಲಿಯಾ ಹತ್ತಿರ ಇದ್ದೀಯ. ಸ್ಕೂಲಿಗೆ ಹೋಗೋ ಮುಂಚೆ ತೇಜು ದಿನಾ ನೋಡ್ತಾಳೆ. ಟೀಚರ್‌ಗೂ ಹೇಳಿದಾಳಂತೆ, ನಮ್ಮ ಮಾಮ ಕಾಂಗರೂ ಊರಲ್ಲಿದ್ದಾನೆ ಅಂತ.

ಇಲ್ಲಿ ನಾಲ್ಕೂವರೆಗೇ ಕತ್ತಲು ಶುರು. ಬೆಳಗ್ಗೆ ಟ್ರೇನಲ್ಲಿ ಎಲ್ಲರೂ ಒದ್ದೆ ಕೋಟು ಹಾಕ್ಕೊಂಡು ಮಾತಿಲ್ಲದೆ ನಿಂತಿರ್ತಾರೆ. ಆದ್ರೆ ಕೆಲಸ ಮಾತ್ರ ಹಿಡಿಸಿದೆ. ಕಂಪನಿ ಗುಟ್ಟು ಹೇಳೋ ಹಾಗಿಲ್ಲ, ಪೇಪರಲ್ಲಿ ಬಂದಷ್ಟನ್ನ ಹೇಳ್ತೀನಿ. ಉತ್ತರ ಕೊರಿಯಾದ ಕಲ್ಲಿದ್ದಲನ್ನ ಯಾರೂ ಕೊಳ್ಳಬಾರದು ಅಂತ ವಿಶ್ವಸಂಸ್ಥೆ ನಿಷೇಧ ಹಾಕಿ ವರ್ಷಗಳಾದವು. ಆ ದೇಶ ಬಾಗಿಲು ಹಾಕ್ಕೊಂಡು ಕೂತಿದೆ, ಪಕ್ಕದಲ್ಲಿ ಚೀನಾ. ಕೆಲವು ಹಡಗುಗಳು ತಮ್ಮ ಗುರುತಿನ ಸಿಗ್ನಲ್ ಆರಿಸಿ ಅಲ್ಲಿ ಹೋಗಿ ತುಂಬಿಸ್ಕೋತವೆ, ಆಮೇಲೆ ರಷ್ಯಾದ ಕಲ್ಲಿದ್ದಲು ಅಂತ ಕಾಗದ ಮಾಡಿಸಿ ಚೀನಾದಲ್ಲಿ ಇಳಿಸ್ತವೆ. ಸಿಗ್ನಲ್ ಆರಿಸಿದ ಹಡಗು ಎಲ್ಲಿಗೆ ಹೋಯ್ತು ಅಂತ ಉಪಗ್ರಹದ ಫೋಟೋದಲ್ಲಿ ಹುಡುಕೋದೇ ನನ್ನ ಕೆಲಸ. ನನ್ನ ಪಟ್ಟಿಯಲ್ಲಿ ಹನ್ನೆರಡು ಹಡಗು. ನಾಲ್ಕನ್ನ ಆಗಲೇ ಹಿಡಿದೆ. ನಮ್ಮ ಮ್ಯಾನೇಜರ್ ಗ್ರೋನ್ಯಾ, ಗಾಲ್ವೇ ಕಡೆಯ ಹೆಂಗಸು, ಎಲ್ಲರ ಮುಂದೆ ಹೊಗಳಿದಳು. ಇಂಥ ಹಡಗುಗಳಲ್ಲಿ ಕೆಲಸಕ್ಕೆ ಸೇರೋರು ಎಂಥ ಜನ ಇರಬಹುದು ಅಂತ ಒಂದೊಂದು ಸಲ ಯೋಚನೆ ಬರುತ್ತೆ.

ಪುಟ್ಟಣ್ಣನವರಿಗೆ ನಮಸ್ಕಾರ ಹೇಳು. ಇಲ್ಲಿ ರಾಗಿ ಹಿಟ್ಟು ಪಕ್ಕದ ಲೂಕನ್ ಊರಿನ ಅಂಗಡಿಯಲ್ಲೇ ಸಿಗುತ್ತೆ ಅಂತ ಹೇಳು, ಹೊಟ್ಟೆ ಉರ್ಕೊಳ್ಳಲಿ.

ವನಜಾ

*

21 ಡಿಸೆಂಬರ್ 2023

ವನಜಾ,

ಬಹಳ ದಿನ ಬರೆಯಲಿಲ್ಲ. ಬರೆಯೋಕೆ ಕೂತು ಎದ್ದು ಹೋಗ್ತಿದ್ದೆ.

ಉತ್ತರದ ಒಂದು ಬಂದರಿನಲ್ಲಿ ಒಂಬತ್ತು ದಿನ ನಿಂತಿದ್ವಿ. ಹಿಮ ಬೀಳ್ತಿತ್ತು. ದಡದಲ್ಲಿ ಕಪ್ಪು ಗುಡ್ಡ, ಅದರ ಮೇಲೆ ಬಿಳಿ ಹಿಮ. ಬೆಳಗಾದ್ರೆ ಕಂಬದ ಮೇಲಿನ ಸ್ಪೀಕರಲ್ಲಿ ಹಾಡು ಶುರು. ಕ್ರೇನ್ ಕೆಟ್ಟಿತ್ತು, ಹಾಗಾಗಿ ಚೆಲ್ಲಿದ್ದನ್ನೆಲ್ಲ ಹೆಂಗಸರು ಸಲಿಕೆಯಲ್ಲಿ ಬಾಚಿ ಬಾಚಿ ತುಂಬಿಸ್ತಿದ್ರು. ತಲೆಗೆ ಬಟ್ಟೆ, ಕೈಗೆ ಹರಿದ ಗ್ಲೌಸು. ಅವರು ನಮ್ಮ ಜೊತೆ ಮಾತಾಡೋ ಹಾಗಿಲ್ಲ, ನಾವು ಅವರ ಕಡೆ ನೋಡೋ ಹಾಗಿಲ್ಲ. ಏಣಿ ಹತ್ತಿರ ಒಬ್ಬ ಸೈನಿಕ.

ಪುಟ್ಟಣ್ಣ ಇದ್ದಾನಲ್ಲ, ಅವನಿಗೆ ಹಸಿದೋರನ್ನ ಕಂಡ್ರೆ ಕೈ ನಿಲ್ಲಲ್ಲ. ಆರನೇ ದಿನ ನಾಲ್ಕು ಬಿಸಿ ಚಪಾತಿ ಕಾಗದದಲ್ಲಿ ಸುತ್ತಿ, ಕಸ ಹಾಕೋನ ಹಾಗೆ ಹೋಗಿ ಒಬ್ಬಳ ಸಲಿಕೆ ಹತ್ತಿರ ಬಿಟ್ಟು ಬಂದ. ಅವಳು ಬಗ್ಗಿ ಎತ್ಕೊಂಡಳು. ಸೈನಿಕ ನೋಡಿದ. ಏನೂ ಅನ್ನಲಿಲ್ಲ. ಮಾರನೇ ದಿನ ಅವಳು ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಪುಟ್ಟಣ್ಣ ಅಡುಗೆಮನೆ ಕಿಟಕಿಯಲ್ಲೇ ನಿಂತಿದ್ದ. "ಸಾರ್, ಅವ್ಳು ಇವತ್ತೂ ಬರ್ನಿಲ್ಲ. ನಾನೇನ್ ಮಾಡ್ಬುಟ್ಟೆ?" ಅಂತ ಕೇಳಿದ. ಜ್ವರ ಬಂದಿರಬೇಕು ಬಿಡೋ ಅಂದೆ. ಎರಡು ದಿನ ಅವನು ಊಟ ಮಾಡಲಿಲ್ಲ.

ಬೇರೆ ಸುದ್ದಿ ಏನಿಲ್ಲ. ಆ ಬಂದರಿಗೆ ಹೋಗೋ ಮುಂಚೆ ಸರಕು ತುಂಬೋ ಕೋಣೆಗಳ ಮೇಲಿನ ಕಬ್ಬಿಣದ ಮುಚ್ಚಳಗಳಿಗೆ ಬಣ್ಣ ಹೊಡೆಸ್ತಿದ್ದೆ. ಕೆಂಪು ಖಾಲಿಯಾಯ್ತು, ಮೂರನೆಯದಕ್ಕೆ ಹಸಿರು ಹೊಡೆಸಿದೆ. ಐದರಲ್ಲಿ ಒಂದು ಹಸಿರು. ನಮ್ಮ ಹಡಗು ಈಗ ದೂರದಿಂದಲೇ ಗುರುತು ಸಿಗುತ್ತೆ.

ಭಾಸ್ಕರ

*

ಆಡಮ್ಸ್‌ಟೌನ್
14 ಜನವರಿ 2024

ಅಣ್ಣಾ,

ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಡಿಸೆಂಬರ್ ಪೂರ್ತಿ 'ಓರಿಯೆಂಟ್ ಹೆರಾನ್' ಆಸ್ಟ್ರೇಲಿಯಾ ಹತ್ತಿರ ಇತ್ತು. ಅಲ್ಲಿ ಈಗ ಬೇಸಿಗೆ. ನಿನಗೆ ಹಿಮ ಎಲ್ಲಿ ಸಿಕ್ತು?

ನೀನು ಆ ಹಡಗಲ್ಲಿ ಇಲ್ಲ. ಯಾವುದರಲ್ಲಿದ್ದೀಯ ಅಂತ ಹೇಳಬೇಡ. ಬರವಣಿಗೆಯಲ್ಲಂತೂ ಹೇಳಲೇಬೇಡ. ಒಂದೇ ಒಂದು ಕೆಲಸ ಮಾಡು: ಮುಂದಿನ ಬಂದರಲ್ಲಿ ಇಳಿದುಬಿಡು. ಮನೆಯಲ್ಲಿ ತೊಂದರೆ ಅನ್ನು, ಎದೆನೋವು ಅನ್ನು, ಹೃಷಿಕೇಶ್ ಹತ್ರ ಕಾಗದ ಬರೆಸಿ ಕಳಿಸ್ತೀನಿ. ಇಳಿದು ಮೈಸೂರಿಗೆ ಹೋಗು. ಯಾಕೆ ಅಂತ ಆಮೇಲೆ ಹೇಳ್ತೀನಿ.

ತೇಜುಗೆ ಮ್ಯಾಪ್ ತೋರಿಸೋದು ನಿಲ್ಲಿಸಿದ್ದೀನಿ. ಸೈಟ್ ಕೆಟ್ಟಿದೆ ಅಂದೆ.

ವನಜಾ

*

2 ಫೆಬ್ರವರಿ 2024

ವನಜಾ,

ಸುಳ್ಳು ಹೇಳಿದ್ದು ನಿಜ. ನಿನಗೆ ಕೋಪ ಬಂದಿದೆ, ಬರಲಿ. ಅದಕ್ಕೆ ಕಾರಣ ಮಾತ್ರ ಕೇಳು.

ನಾಲ್ಕು ವರ್ಷದ ಹಿಂದೆ ನಾನಿದ್ದ ಹಡಗು ಇಂಡೋನೇಷ್ಯಾ ಹತ್ತಿರ ಮರಳಿಗೆ ಹತ್ತಿ ನಿಂತಿತು. ಆ ಹೊತ್ತಿನ ಕಾವಲು ನನ್ನದು. ಮ್ಯಾಪ್ ಹಳೇದಿತ್ತು, ಆದ್ರೆ ಸಹಿ ನನ್ನದು. ಆಮೇಲೆ ಒಳ್ಳೇ ಕಂಪನಿ ಒಂದೂ ಕರೆಯಲಿಲ್ಲ. ಮೂರು ವರ್ಷ ಅರ್ಪಿತಾ ಸ್ಕೂಲಿಗೆ ಪಾಠ ಮಾಡೋಕೆ ಹೋಗೋದನ್ನ ನೋಡ್ಕೊಂಡು ಮನೇಲಿ ಕೂತಿದ್ದೆ. "ರಜೆ ಇನ್ನೂ ಮುಗೀಲಿಲ್ವಾ ಸಾರ್?" ಅಂತ ಪಕ್ಕದ ಮನೆಯವರು ಕೇಳ್ತಿದ್ರು. ಕೊನೆಗೆ ಒಬ್ಬ ಏಜೆಂಟ್ ಇದನ್ನ ಕೊಡಿಸಿದ. ಹಡಗಿಗೆ ಇಪ್ಪತ್ತೊಂಬತ್ತು ವರ್ಷ, ಯಜಮಾನ ಯಾರು ಅಂತ ಯಾರಿಗೂ ಗೊತ್ತಿಲ್ಲ. ಅದಿರಿನ ಹಡಗು ಅಂತ ಅರ್ಪಿತಾಗೂ ಹೇಳಿದ್ದೀನಿ. ಅವಳಿಗೆ ತಿಳಿಸಬೇಡ. ನೀನು ನಾಚಿಕೊಳ್ಳೋ ಅಂಥ ಅಣ್ಣ ಆಗಿದ್ದಕ್ಕೆ ಕ್ಷಮಿಸು.

ಇಳಿ ಅಂತೀಯ. ಏಪ್ರಿಲ್ ಕೊನೆಗೆ ಒಪ್ಪಂದ ಮುಗಿಯುತ್ತೆ, ಆಗ ಇಳಿತೀನಿ. ಈಗ ಆಗಲ್ಲ. ಪುಟ್ಟಣ್ಣನ ಕಾಲಲ್ಲಿ ಗಾಯ. ಬೂಟು ಕಚ್ಚಿದ್ದು ಅಂತ ಶುರುವಾಗಿದ್ದು ವಾಸಿನೇ ಆಗ್ತಿಲ್ಲ. ಮೊನ್ನೆ ಜೋರು ಮಾಡಿ ಕೇಳಿದಾಗ ಬಾಯಿಬಿಟ್ಟ, ಸಕ್ಕರೆ ಕಾಯಿಲೆ ಹನ್ನೊಂದು ವರ್ಷದಿಂದ ಇದೆಯಂತೆ. ಹೇಳಿದ್ರೆ ಕೆಲಸಕ್ಕೆ ತಗೊಳ್ಳಲ್ಲ ಅಂತ ಮುಚ್ಚಿಟ್ಟಿದ್ದ. "ಸಾರ್, ಬಟ್ಟೆ ಕಟ್ಕೊಂಡ್ ಓಡಾಡ್ತಿವ್ನಿ, ಏನೂ ಆಗಾಕಿಲ್ಲ" ಅಂತಾನೆ. ದಿನಾ ನಾನೇ ತೊಳೆದು ಕಟ್ತೀನಿ. ಅವನನ್ನ ಬಿಟ್ಟು ಇಳಿಯೋಕೆ ಮನಸ್ಸಿಲ್ಲ. ಏನು ಮಾಡಬೇಕು ಅಂತ ಹೃಷಿಕೇಶನ್ನ ಕೇಳಿ ಬರಿ.

ಭಾಸ್ಕರ

*

ಆಡಮ್ಸ್‌ಟೌನ್
11 ಫೆಬ್ರವರಿ 2024

ಅಣ್ಣಾ,

ನನಗೆ ನಾಚಿಕೆನೂ ಇಲ್ಲ ಕೋಪನೂ ಇಲ್ಲ. ನೀನು ತಪ್ಪು ತಿಳ್ಕೊಂಡೆ. ದಯವಿಟ್ಟು ಈ ವಾರ ಇಳಿ. ಏಪ್ರಿಲ್ ಬೇಡ. ಕಾರಣ ಕೇಳಬೇಡ.

ಪುಟ್ಟಣ್ಣನವರ ಕಾಲನ್ನ ಆಸ್ಪತ್ರೆಯಲ್ಲೇ ತೋರಿಸಬೇಕು ಅಂತಾರೆ ಹೃಷಿಕೇಶ್. ಹಡಗಿನ ಔಷಧಿ ಪೆಟ್ಟಿಗೆಯಲ್ಲಿ ಆಂಟಿಬಯೋಟಿಕ್ ಏನೇನಿದೆ ಅಂತ ಬರಿ. ಗಾಯದ ಮೇಲೆ ಭಾರ ಹಾಕಬಾರದು, ಬರಿಗಾಲಲ್ಲಿ ಓಡಾಡಬಾರದು.

ಈ ವಾರ ಅಣ್ಣಾ. ನಿನ್ನ ಕಾಲು ಹಿಡ್ಕೋತೀನಿ.

ವನಜಾ

*

20 ಮಾರ್ಚ್ 2024

ವನಜಾ,

ಹಡಗಿನ ಮೇಲ್ ನಿಂತುಹೋಗಿದೆ, ಇದನ್ನ ಕಾಗದದಲ್ಲಿ ಬರೀತಿದ್ದೀನಿ. ನೀರು ತರೋ ದೋಣಿಯವನು ಫೋಟೋ ತೆಗೆದು ನಿನ್ನ ಮೇಲ್‌ಗೆ ಹಾಕ್ತೀನಿ ಅಂದಿದ್ದಾನೆ. ಹಾಕ್ತಾನೋ ಇಲ್ವೋ.

ನಾವು ನಿಂತು ಮೂರು ವಾರ ಆಯ್ತು. ಚೀನಾದ ದಡ ಕಣ್ಣಿಗೆ ಕಾಣುತ್ತೆ, ಕಟ್ಟಡಗಳ ಕಿಟಕಿ ಎಣಿಸಬಹುದು, ಆದ್ರೆ ಒಳಗೆ ಬಿಡ್ತಿಲ್ಲ. ಯಾರೋ ಎಲ್ಲೋ ಕೂತು ನಮ್ಮ ಹಡಗನ್ನ ಒಂದು ಪಟ್ಟಿಗೆ ಸೇರಿಸಿದ್ದಾರಂತೆ. ಇನ್ಶೂರೆನ್ಸ್ ಹೋಯ್ತು. ನಾವು ಹಾರಿಸ್ತಿದ್ದ ಬಾವುಟದ ದೇಶ, ಇದು ನಮ್ಮ ಹಡಗಲ್ಲ ಅಂತು. ಯಜಮಾನನ ಫೋನು ರಿಂಗೇ ಆಗಲ್ಲ. ನೋಡಿಕೊಳ್ಳೋಕೆ ಬೇರೆ ಜನ ಬರೋವರೆಗೆ ಹಡಗನ್ನ ಬಿಟ್ಟು ಒಬ್ಬರೂ ಇಳಿಯೋ ಹಾಗಿಲ್ಲವಂತೆ. ಬೇರೆ ಜನ ಯಾರು ಬರ್ತಾರೆ? ಹೊಟ್ಟೆಯೊಳಗೆ ಹನ್ನೆರಡು ಸಾವಿರ ಟನ್ ಕಲ್ಲಿದ್ದಲಿದೆ, ನಮಗೆ ಬೇಯಿಸೋಕೆ ಗ್ಯಾಸಿಲ್ಲ. ಡೀಸೆಲ್ ಉಳಿಸೋಕೆ ದಿನಕ್ಕೆ ಎರಡೇ ಗಂಟೆ ಕರೆಂಟು.

ಪುಟ್ಟಣ್ಣ ತಂದಿದ್ದ ಸಕ್ಕರೆ ಕಾಯಿಲೆ ಮಾತ್ರೆ ಈ ತಿಂಗಳ ಆರಕ್ಕೇ ಮುಗೀತು. ಕಾಲಿನ ಎರಡು ಬೆರಳು ಕಪ್ಪಾಗಿವೆ. ಆದ್ರೂ ಕುಂಟ್ಕೊಂಡು ಬಂದು ಎಲ್ಲರಿಗೂ ಅನ್ನ ಇಡ್ತಾನೆ. ಪೆಟ್ಟಿಗೆಯಲ್ಲಿ ಅಮಾಕ್ಸಿಸಿಲಿನ್ ಇಪ್ಪತ್ತೆಂಟು ಇದೆ. ಹೇಗೆ ಕೊಡಲಿ ಕೇಳು.

ನಿನ್ನ ಆಫೀಸಲ್ಲಿ ಇಂಥ ಪಟ್ಟಿಗಳ ವಿಷಯ ತಿಳಿದವರು ಇರ್ತಾರಲ್ಲ? ನಮ್ಮ ಹಡಗಿನ ಬಗ್ಗೆ ಯಾರಿಗಾದ್ರೂ ಗೊತ್ತಾ ಅಂತ ವಿಚಾರಿಸು.

ಭಾಸ್ಕರ

*

ಆಡಮ್ಸ್‌ಟೌನ್
24 ಮಾರ್ಚ್ 2024

ಅಣ್ಣಾ,

ದೋಣಿಯವನು ಕಳಿಸಿದ್ದಾನೆ. ಪುಣ್ಯಾತ್ಮ. ಇದನ್ನ ಅವನ ಫೋನಿಗೇ ಕಳಿಸ್ತಿದ್ದೀನಿ.

ಹೃಷಿಕೇಶ್ ಹೇಳಿದ್ದು: ಮಾತ್ರೆ ಎಂಟು ಗಂಟೆಗೊಂದರ ಹಾಗೆ, ತಪ್ಪಿಸಬಾರದು. ಕುದಿಸಿ ಆರಿಸಿದ ನೀರಲ್ಲಿ ಗಾಯ ತೊಳೆದು ಒಣ ಬಟ್ಟೆ ಕಟ್ಟು. ನಡೆಯೋಕೆ ಬಿಡಬೇಡ. ಅನ್ನ ಕಮ್ಮಿ. ಕೆಂಪು ಮೇಲಕ್ಕೆ ಏರ್ತಿದ್ರೆ ಅಥವಾ ಚಳಿಜ್ವರ ಬಂದ್ರೆ ಒಂದು ದಿನವೂ ಕಾಯೋ ಹಾಗಿಲ್ಲ, ಆಪರೇಷನ್ ಆಗಬೇಕು. ಇಷ್ಟು ಹೇಳಿ ಅವರು ಎದ್ದು ಹೋಗಿ ಹಿತ್ತಲಲ್ಲಿ ನಿಂತ್ಕೊಂಡ್ರು. ಅವರ ವಾರ್ಡಲ್ಲಿ ಇಂಥ ಕಾಲಿನವರು ದಿನಾ ಇಬ್ಬರು ಬರ್ತಾರಂತೆ. ಎಲ್ಲರೂ ಉಳಿತಾರಂತೆ.

ನಾನು ನಾವಿಕರ ಸಂಘಕ್ಕೆ ಬರೆದಿದ್ದೀನಿ, ಡೆಲ್ಲಿಗೆ ಬರೆದಿದ್ದೀನಿ. ದಿನಾ ಫೋನ್ ಮಾಡ್ತೀನಿ. ಫೈಲ್ ಮುಂದೆ ಹೋಗಿದೆ ಅಂತಾರೆ.

ನಮ್ಮ ಆಫೀಸಲ್ಲಿ ವಿಚಾರಿಸಿದೆ. ಯಾರಿಗೂ ಏನೂ ಗೊತ್ತಿಲ್ಲ.

ವನಜಾ

*

2 ಮೇ 2024

ವನಜಾ,

ಪುಟ್ಟಣ್ಣ ಹೋದ. ಏಪ್ರಿಲ್ ಇಪ್ಪತ್ತಾರು, ಶುಕ್ರವಾರ ಮಧ್ಯಾಹ್ನ.

ದೋಣಿಯವನು ನಿನ್ನ ಪತ್ರ ತೋರಿಸಿದ್ದು ಏಪ್ರಿಲ್ ಎರಡಕ್ಕೆ, ಅವತ್ತಿಂದ ಹೃಷಿಕೇಶ್ ಹೇಳಿದ ಹಾಗೇ ಮಾಡಿದೆ. ಹನ್ನೊಂದನೇ ತಾರೀಕು ಮಾತ್ರೆ ಖಾಲಿ. ಹದಿನೆಂಟಕ್ಕೆ ಕೆಂಪು ಮೊಣಕಾಲು ದಾಟಿತು. ರೇಡಿಯೋದಲ್ಲಿ ದಿನಾ ಕೂಗಿದೆ: ಒಬ್ಬ ಮನುಷ್ಯ ಸಾಯ್ತಿದ್ದಾನೆ, ಇವನೊಬ್ಬನನ್ನ ಇಳಿಸಿಕೊಳ್ಳಿ, ನಾವು ಉಳಿದೋರು ಇಲ್ಲೇ ಇರ್ತೀವಿ. ಆ ಕಡೆಯಿಂದ ಒಬ್ಬ ಅಳೆದು ತೂಗಿದ ಇಂಗ್ಲಿಷಲ್ಲಿ, "ನಿಮ್ಮ ಏಜೆಂಟ್ ಮೂಲಕ ಅರ್ಜಿ ಹಾಕಿ" ಅಂತಿದ್ದ. ನಮಗೆ ಏಜೆಂಟ್ ಇಲ್ಲ ಅಂದೆ. "ಏಜೆಂಟ್ ಮೂಲಕ ಅರ್ಜಿ ಹಾಕಿ" ಅಂದ. ಅವನಿಗೂ ಅಷ್ಟೇ ಹೇಳೋಕೆ ಹೇಳಿದ್ದರೋ ಏನೋ.

ಕೊನೆಯ ದಿನಗಳಲ್ಲಿ ಅವನಿಗೆ ಆ ಹೆಂಗಸಿನದೇ ಯೋಚನೆ. "ಸಾರ್, ಆ ಚಪಾತಿ ಕೊಡಬಾರದಾಗಿತ್ತು. ನಾನು ಕೊಟ್ಟಿದ್ಕೇ ಅವ್ಳಿಗೆ ಏನೋ ಆಗೈತೆ. ಅದ್ರ ಫಲ ಇದು" ಅಂತ. ಹಾಗಲ್ಲವೋ, ಹೊಟ್ಟೆಗೆ ಕೊಟ್ಟೋನಿಗೆ ಯಾರು ಶಿಕ್ಷೆ ಕೊಡ್ತಾರೆ ಅಂದೆ. ಅವನು ನಂಬಲಿಲ್ಲ. ಹೆಂಡತಿ ನೀಲಮ್ಮನ ಹೆಸರು ಹೇಳ್ತಿದ್ದ. ಶುಕ್ರವಾರ ಬೆಳಗ್ಗೆ ಯಾರನ್ನೂ ಗುರುತು ಹಿಡಿಯಲಿಲ್ಲ. ಅವನ ತಲೆ ನನ್ನ ತೊಡೆ ಮೇಲಿತ್ತು.

ತಣ್ಣಗಿಡೋಕೆ ಕರೆಂಟಿಲ್ಲ. ಮೂರನೇ ದಿನ ಒಂದು ದೋಣಿ ಬಂತು, ಬಿಳಿ ಬಟ್ಟೆ ಹಾಕ್ಕೊಂಡ ನಾಲ್ಕು ಜನ. ಇವನನ್ನ ಕರ್ಕೊಂಡು ಹೋದರು. ಬದುಕಿದ್ದಾಗ ಇಳಿಯೋಕೆ ಬಿಡದ ದಡಕ್ಕೆ ಸತ್ತ ಮೇಲೆ ಯಾವ ಅರ್ಜಿಯೂ ಬೇಕಾಗಲಿಲ್ಲ.

ನೀಲಮ್ಮನಿಗೆ ನಾನೇ ಹೇಳಬೇಕು. ಹೇಗೆ ಹೇಳಲಿ ಅಂತ ತಿಳೀತಿಲ್ಲ.

ಭಾಸ್ಕರ

*

ಆಡಮ್ಸ್‌ಟೌನ್
12 ಮೇ 2024

ಅಣ್ಣಾ,

ಹತ್ತು ದಿನದಿಂದ ಬರೀತಿದ್ದೀನಿ, ಅಳಿಸ್ತಿದ್ದೀನಿ. ಇನ್ನು ಅಳಿಸಲ್ಲ.

ಆ ವರದಿ ಬರೆದೋಳು ನಾನು.

ನಿಮ್ಮ ಹಡಗು ನನ್ನ ಪಟ್ಟಿಯಲ್ಲಿ ಏಳನೇದು. ಸೆಪ್ಟೆಂಬರಿಂದ ಅದರ ಹಿಂದೆ ಬಿದ್ದಿದ್ದೆ. ಮೂರು ಸಲ ಸಿಗ್ನಲ್ ಆರಿತ್ತು, ಮೂರು ಸಲವೂ ಮತ್ತೆ ಹತ್ತಿದಾಗ ಹಡಗು ನೀರಲ್ಲಿ ಮುಂಚಿಗಿಂತ ಆಳಕ್ಕೆ ಕೂತಿತ್ತು. ಎಲ್ಲಿ ತುಂಬಿಸ್ಕೊಂಡಿತು ಅನ್ನೋದಕ್ಕೆ ಒಂದು ಫೋಟೋ ಬೇಕಾಗಿತ್ತು. ಜನವರಿ ಹನ್ನೊಂದು, ಗುರುವಾರ, ಫೋಟೋ ಬಂತು. ಉತ್ತರ ಕೊರಿಯಾದ ಬಂದರು, ಕಲ್ಲಿದ್ದಲ ಗುಡ್ಡ, ಹಿಮ, ಪಕ್ಕದಲ್ಲಿ ಹಡಗು. ಐದು ಮುಚ್ಚಳದಲ್ಲಿ ಮೂರನೇದು ಹಸಿರು. ಗ್ರೋನ್ಯಾ ಹಿಂದಿನಿಂದ ಬಂದು, "ಗಾಟ್ ಹಿಮ್!" ಅಂತ ನನ್ನ ಭುಜ ತಟ್ಟಿದಳು. ನಾನು ಟಾಯ್ಲೆಟ್‌ಗೆ ಹೋಗಿ ಫೋನಲ್ಲಿ ನಿನ್ನ ಡಿಸೆಂಬರ್ ಪತ್ರ ತೆಗೆದು ಮತ್ತೆ ಓದಿದೆ.

ಐದು ವಾರ ತಡೆದೆ. ಫೋಟೋ ಸ್ಪಷ್ಟ ಇಲ್ಲ, ಇನ್ನೊಂದು ಬೇಕು ಅಂತ ನೆಪ ಹೇಳಿದೆ. ಹಡಗಿನವರಿಗೆ ಮುಂಚೆನೇ ಸುಳಿವು ಕೊಡೋದು ಅಪರಾಧ. ಕೊಟ್ಟೋರ ಕೆಲಸ ಹೋಗುತ್ತೆ, ಇಲ್ಲಿರೋ ಪರ್ಮಿಟ್ ಹೋಗುತ್ತೆ, ಈ ಮನೆ, ತೇಜು ಸ್ಕೂಲು, ಎಲ್ಲ. ಅದಕ್ಕೇ ನಿನಗೆ "ಇಳಿ" ಅಂತ ಮಾತ್ರ ಬರೆದೆ. "ಯಾಕೆ" ಅಂತ ಬರೆಯೋಕೆ ಧೈರ್ಯ ಸಾಲಲಿಲ್ಲ. ಬರೆದಿದ್ರೆ ನೀನು ಹೇಗಾದ್ರೂ ಇಳಿತಿದ್ದೆ. ಫೆಬ್ರವರಿ ಹದಿನಾರಕ್ಕೆ ವರದಿ ಹೋಯ್ತು. ಆಮೇಲೂ ನಿನಗೆ ಎರಡು ವಾರ ಸಿಗುತ್ತೆ, ಅಷ್ಟರಲ್ಲಿ ಇಳಿದಿರ್ತೀಯ ಅಂತ ಲೆಕ್ಕ ಹಾಕಿದ್ದೆ.

ಪಟ್ಟಿಗೆ ಸೇರಿದ ಹಡಗಿನ ಕಥೆ ಆಮೇಲೆ ಏನಾಗುತ್ತೆ ಅಂತ ನಾನು ಯಾವತ್ತೂ ಕೇಳಿದೋಳಲ್ಲ. ಮೊದಲ ನಾಲ್ಕು ಹಡಗಿನ ಜನ ಏನಾದ್ರು? ಈಗ ಹುಡುಕಿದೆ. ಎರಡರ ಬಗ್ಗೆ ಏನೂ ಸಿಗಲಿಲ್ಲ.

ಹೃಷಿಕೇಶ್‌ಗೆ ನಿನ್ನೆ ಹೇಳಿದೆ. ಅವರು, "ಮಾರ್ಚಲ್ಲೇ ನನಗೆ ಹೇಳಿದ್ರೆ ನಾನು ಇನ್ನೂ ಗಟ್ಟಿಯಾಗಿ ಎಲ್ಲಾದ್ರೂ ಕೂಗ್ತಿದ್ದೆ" ಅಂದ್ರು. ಇವತ್ತು ಭಾನುವಾರ, ಮಧ್ಯಾಹ್ನವೇ ಕಿಲ್ಕೆನ್ನಿಗೆ ಹೊರಟು ಹೋದರು.

ಕ್ಷಮಿಸು ಅಂತ ಕೇಳಲ್ಲ. ಬೈದು ಒಂದು ಸಾಲು ಬರಿ.

ವನಜಾ

*

ಆಡಮ್ಸ್‌ಟೌನ್
14 ಜುಲೈ 2024

ಅಣ್ಣಾ,

ಎರಡು ತಿಂಗಳಾಯ್ತು. ಹಡಗನ್ನ ಗುಜರಿಗೆ ಮಾರಿದ್ರು, ನಿಮ್ಮನ್ನೆಲ್ಲ ಬಿಟ್ಟರು ಅಂತ ಸಂಘದವರಿಂದ ತಿಳೀತು. ನೀನು ಮೈಸೂರು ಸೇರಿದ್ದು ಅತ್ತಿಗೆ ಹೇಳಿದ್ರು. ಫೋನ್ ಕೊಡಿ ಅಂದ್ರೆ, "ಮಲಗಿದ್ದಾರೆ" ಅಂದ್ರು. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ನೀನು ಮಲಗಿದ್ದೆ.

ಬರಿ ಅಣ್ಣಾ.

ವನಜಾ

*

ಮೈಸೂರು
8 ಸೆಪ್ಟೆಂಬರ್ 2024

ವನಜಾ,

ಮಲಗಿರಲಿಲ್ಲ. ಫೋನ್ ಪಕ್ಕದಲ್ಲೇ ಕೂತಿದ್ದೆ.

ಮೊದಲು ನನ್ನದು ಹೇಳ್ತೀನಿ. ಆ ಸಿಗ್ನಲ್ ಆರಿಸಿದ್ದು ನಾನು. ಮೂರು ಸಲವೂ ನನ್ನ ಕೈಯಿಂದಲೇ. ಕ್ಯಾಪ್ಟನ್ ಹೇಳಿದ, ನಾನು ಒತ್ತಿದೆ. ನಿನ್ನ ನವೆಂಬರ್ ಪತ್ರ ಓದಿದಾಗಲೇ ನನ್ನ ತಂಗಿ ಹುಡುಕ್ತಿರೋದು ನನ್ನನ್ನೇ ಅಂತ ಗೊತ್ತಾಯ್ತು. "ಎಂಥ ಜನ ಇರಬಹುದು" ಅಂತ ನೀನು ಕೇಳಿದ್ದಕ್ಕೆ ಏನು ಉತ್ತರ ಕೊಡಲಿ? ಆಮೇಲೆ ಹಿಮದ ಬಗ್ಗೆ, ಹಸಿರು ಮುಚ್ಚಳದ ಬಗ್ಗೆ ಬರೆದೆ. ಬೇಕಂತಲೇ ಬರೆದೆನೋ, ಕೈ ತಾನಾಗೇ ಬರೀತೋ ಇವತ್ತಿಗೂ ತಿಳೀತಿಲ್ಲ. ಚಪಾತಿ ತಗೊಂಡ ಆ ಹೆಂಗಸು ಬರದೇ ಹೋದ ಮೇಲೆ, ಯಾರಾದ್ರೂ ನಮ್ಮನ್ನ ನಿಲ್ಲಿಸಿದ್ರೆ ಸಾಕು ಅನ್ನಿಸ್ತಿತ್ತು. ನಿಲ್ಲಿಸೋದು ಹೀಗಿರುತ್ತೆ ಅಂತ ಗೊತ್ತಿರಲಿಲ್ಲ.

ಮಾರ್ಚಲ್ಲಿ ನಿನ್ನ ಆಫೀಸಲ್ಲಿ ವಿಚಾರಿಸು ಅಂತ ಬರೆದದ್ದು, ನೀನಾಗೇ ಹೇಳ್ತೀಯ ಅಂತ. "ಯಾರಿಗೂ ಏನೂ ಗೊತ್ತಿಲ್ಲ" ಅಂತ ನೀನು ಬರೆದೆ. ವರದಿ ಬರೆದದ್ದಕ್ಕೆ ನಿನ್ನ ಮೇಲೆ ಕೋಪ ಇಲ್ಲ. ಅದು ನಿನ್ನ ಕೆಲಸ, ನಾವು ಮಾಡ್ತಿದ್ದದ್ದು ಕಳ್ಳಸಾಗಣೆ. ಆ ಒಂದು ಸಾಲಿಗೆ ಕೋಪ ಇದೆ. ಅದು ಇಳೀತಿಲ್ಲ.

ಆಗಸ್ಟಲ್ಲಿ ನೀಲಮ್ಮನ ಮನೆಗೆ ಹೋದೆ. ಪುಟ್ಟಣ್ಣನ ಬೂದಿಯ ಡಬ್ಬಿ ಅಷ್ಟರಲ್ಲಿ ಬಂದಿತ್ತು. ಆಕೆ ಜಗಲಿ ಮೇಲೆ ಕೂರಿಸಿ ಕಾಫಿ ಕೊಟ್ಟರು. ಅಳಲಿಲ್ಲ. ಒಂದೊಂದೇ ಕೇಳಿದರು. ಯಾವ ಕಾಲು, ಯಾವ ಬೆರಳು, ಏನು ಊಟ ಮಾಡ್ತಿದ್ರು, ನೋವಿಗೆ ಕೂಗ್ತಿದ್ರಾ. ಎಲ್ಲ ಹೇಳಿದೆ. ಕೊನೆಗೆ, "ಅಡಗು ಯಾಕ್ ನಿಂತೋಯ್ತು ಸಾಮಿ?" ಅಂದರು. ಕಲ್ಲಿದ್ದಲು ಕದ್ದು ಸಾಗಿಸ್ತಿದ್ವಿ, ದೂರದಲ್ಲಿ ಕೂತು ನೋಡೋರು ಒಬ್ಬರು ಹಿಡಿದರು ಅಂದೆ.

"ಇಡ್ದೋರ್ಗೆ ನಮ್ಮೋರು ಒಳಗವ್ರೆ ಅಂತ ಗೊತ್ತಿತ್ತಾ?"

ಇಲ್ಲ ಅಂದೆ.

ಅದು ನಾನು ನಿನಗೋಸ್ಕರ ಹೇಳಿದ ಸುಳ್ಳು. ನಾಲ್ಕು ವರ್ಷದಿಂದ ಸುಳ್ಳು ಹೇಳ್ಕೊಂಡೇ ಬಂದೋನು, ಅರ್ಪಿತಾಗೆ, ನಿನಗೆ. ಆದ್ರೆ ಆ ಜಗಲಿ ಮೇಲೆ ಕೂತು ಹೇಳಿದ ಈ ಸುಳ್ಳನ್ನ ಹೊರೋಕೆ ನನ್ನಿಂದ ಆಗ್ತಿಲ್ಲ. ಅರ್ಪಿತಾಗೆ ನನ್ನದೆಲ್ಲ ಹೇಳಿ ಆಯ್ತು. ಇದನ್ನ ನೀನು ಹೇಳಬೇಕು. ನೀಲಮ್ಮನ ನಂಬರ್ ಕೆಳಗೆ ಬರೆದಿದ್ದೀನಿ. ಸಂಜೆ ಐದರ ಮೇಲೆ ಮನೇಲಿರ್ತಾರೆ.

ಭಾಸ್ಕರ

*

ಆಡಮ್ಸ್‌ಟೌನ್
22 ಸೆಪ್ಟೆಂಬರ್ 2024

ಅಣ್ಣಾ,

ಎರಡು ವಾರ ಫೋನ್ ಕೈಲಿ ಹಿಡ್ಕೊಂಡು ಇಟ್ಟುಬಿಡ್ತಿದ್ದೆ. ಇವತ್ತು ಭಾನುವಾರ, ಹೃಷಿಕೇಶ್ ತೇಜುನ ಕರ್ಕೊಂಡು ಪಾರ್ಕಿಗೆ ಹೋದರು. ಇಲ್ಲಿ ಮಧ್ಯಾಹ್ನ ಒಂದೂವರೆ, ಅಲ್ಲಿ ಸಂಜೆ ಆರು. ಮಾಡಿದೆ.

"ಯಾರು?" ಅಂದರು. ಭಾಸ್ಕರ ಸಾರ್ ತಂಗಿ, ಐರ್ಲೆಂಡಿಂದ ಅಂದೆ. "ಓ, ಡಾಕ್ಟ್ರ ಹೆಂಡ್ರು. ಕಾಲಿಗೆ ಔಸ್ತಿ ಬರ್ದು ಕಳಿಸಿದ್ರಂತಲ್ಲ, ನಿಮ್ಮ ಯಜಮಾನ್ರಿಗೆ ಪುಣ್ಯ ಬರ್ಲಿ" ಅಂದರು. ಅಲ್ಲೇ ಇಟ್ಟುಬಿಡೋಣ ಅನ್ನಿಸ್ತು. ಇಡಲಿಲ್ಲ. ಹಡಗು ನಿಲ್ಲಿಸಿದ ವರದಿ ನನ್ನದು, ಅದನ್ನ ಕಳಿಸೋಕೆ ಮುಂಚೆನೇ ನನಗೆ ಗೊತ್ತಿತ್ತು, ಅಣ್ಣ ನಿಮಗೆ ಇಲ್ಲ ಅಂದಿದ್ದು ನನ್ನ ಉಳಿಸೋಕೆ ಅಂತ ಒಂದೇ ಉಸಿರಲ್ಲಿ ಹೇಳಿದೆ.

ಆ ಕಡೆ ಬಾಗಿಲು ಎಳ್ಕೊಂಡ ಸದ್ದು ಕೇಳಿಸ್ತು. ಆಮೇಲೆ ಕೇಳಿದರು:

"ನಿಮ್ಮಣ್ಣನ್ನ ಇಳ್ಕೋ ಅಂತ ಬರುದ್ರಾ?"

"ಹೂಂ. ಎರಡು ಸಲ."

"ನಮ್ಮೋರ ಎಸ್ರು ನಿಮ್ಗೆ ಆವಾಗ ಗೊತ್ತಿತ್ತಾ?"

"ಗೊತ್ತಿತ್ತು" ಅಂದೆ. ಗೊತ್ತಿತ್ತಲ್ಲ ಅಣ್ಣಾ. ಅವರು ಯಾವ ಊರು, ಎಷ್ಟು ವಯಸ್ಸು, ರಾಗಿ ಹಿಟ್ಟು ಎಲ್ಲಿಡ್ತಾರೆ, ಕಾಲಲ್ಲಿ ಗಾಯ ಇದೆ, ಎಲ್ಲ ಗೊತ್ತಿತ್ತು. ಅವರನ್ನೂ ಇಳಿಸು ಅಂತ ಒಂದು ಮಾತು ನಾನು ಬರೆಯಲಿಲ್ಲ. ಹೊಳೆಯಲೇ ಇಲ್ಲ. ಇಷ್ಟು ತಿಂಗಳು ಅತ್ತರೂ ಆಕೆ ಕೇಳೋವರೆಗೆ ನನಗೆ ಅದು ಹೊಳೆದಿರಲಿಲ್ಲ.

ಆಕೆ ಬೈಯಲಿಲ್ಲ. "ಈಗ ಅಸ ಕರಿಯೋ ಒತ್ತು" ಅಂದರು. ಸರಿ ಅಂದೆ. ಇಡ್ತಾರೆ ಅಂದ್ಕೊಂಡೆ. ಇಡಲಿಲ್ಲ.

"ನಂಗಿನ್ನೂ ಕೇಳೋದೈತೆ. ಮುಂದಿನ್ ಭಾನುವಾರ ಮಾಡಿ" ಅಂದರು.

ಮಾಡ್ತೀನಿ ಅಂದೆ.

ವನಜಾ